‘ಫಾರ್ಮ್ಯಾಟ್’ ಮಾಡಿಸುವ ಮುನ್ನ

ಹೋಟೆಲಿನಲ್ಲಿ ದುಡಿಯುವವನ ಮನೆಗೂ ಗಿರಣಿಯಲ್ಲಿ ದುಡಿದವನ ಮನೆಗೂ ಇಂದು ಲ್ಯಾಪ್‌ಟಾಪು ಬಂದು ಸೇರಿದೆ. ಶೋಕಿಗೆಂದು ಯಾರೂ ಅದನ್ನು ತಂದಿಲ್ಲ. ಮಗಳ ಕಾಲೇಜಿನ ಪಾಠ, ಮಗನ ಕೆಲಸದ ಅರ್ಜಿ, ಊರಿನ ಜಮೀನಿನ ಪಹಣಿ, ಪ್ರಾವಿಡೆಂಟ್ ಫಂಡಿನ ಲೆಕ್ಕ ಎಲ್ಲವೂ ಈಗ ಅದರೊಳಗೆ ಕುಳಿತಿವೆ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದವರು, ಕಚೇರಿಗಳು ಬಳಸಿ ಬಿಟ್ಟ ಹಳೆಯ ಯಂತ್ರವನ್ನು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ, ದಿಲ್ಲಿಯ ನೆಹರು ಪ್ಲೇಸಿನಲ್ಲೋ, ಚೆನ್ನೈಯ ರಿಚಿ ಸ್ಟ್ರೀಟಿನಲ್ಲೋ ಕೊಂಡು ತರುತ್ತಾರೆ. ಅದಕ್ಕೂ ಸಾಲ ಮಾಡಿದವರು ನಮ್ಮಲ್ಲಿದ್ದಾರೆ.

ಈ ಯಂತ್ರ ಒಂದು ದಿನ ಏಳುವುದಿಲ್ಲ. ಗುಂಡಿ ಒತ್ತಿದರೆ ಪರದೆ ಕಪ್ಪಗೇ ಉಳಿಯುತ್ತದೆ. ಇಲ್ಲವೆ ಕಂಪೆನಿಯ ಗುರುತು ತೋರಿಸಿ ಅಲ್ಲಿಗೇ ನಿಲ್ಲುತ್ತದೆ. ಇಲ್ಲವೆ ನೀಲಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನನ್ನೋ ಬರೆದು, ಆರಿ, ಮತ್ತೆ ಹೊತ್ತಿಕೊಳ್ಳುತ್ತದೆ. ಪರೀಕ್ಷೆ ನಾಳೆಯೇ ಇರುತ್ತದೆ. ಎರಡು ಪಾಳಿಗಳ ನಡುವಿನ ಬಿಡುವಿನಲ್ಲಿ ನಮ್ಮವನು ಅದನ್ನು ಕಂಕುಳಲ್ಲಿ ಇರುಕಿಕೊಂಡು ರಿಪೇರಿ ಅಂಗಡಿಗೆ ಓಡುತ್ತಾನೆ. ಅಲ್ಲಿ ಸಿಗುವ ಉತ್ತರ ಬಹಳ ಸಲ ಎರಡೇ. ಒಂದು, ‘ಫಾರ್ಮ್ಯಾಟ್ ಹೊಡೆಯಬೇಕು’. ಇನ್ನೊಂದು, ‘ಬೋರ್ಡು ಹೋಗಿದೆ, ಹೊಸದು ತೆಗೆದುಕೊಳ್ಳಿ’. ಮೊದಲನೆಯದಕ್ಕೆ ತಲೆಯಾಡಿಸಿದರೆ ವರ್ಷಾನುಗಟ್ಟಲೆ ಕೂಡಿಟ್ಟ ಫೋಟೋ, ಸರ್ಟಿಫಿಕೇಟು, ಬರಹಗಳು ಒಂದು ಗಳಿಗೆಯಲ್ಲಿ ಅಳಿಯುತ್ತವೆ. ಎರಡನೆಯದಕ್ಕೆ ತಲೆಯಾಡಿಸಿದರೆ ತಿಂಗಳುಗಳ ಸಂಬಳ ಹೋಗುತ್ತದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ದೋಷ ಎಲ್ಲಿದೆಯೆಂದು ಗೊತ್ತಾಗುವ ಮುಂಚೆ ಕೆಲಸಗಾರನು ಈ ಎರಡು ಮಾತುಗಳಲ್ಲಿ ಯಾವುದಕ್ಕೂ ಒಪ್ಪಿಗೆ ಕೊಡಬಾರದು. ದೋಷವನ್ನು ಹುಡುಕಲು ಒಂದು ಕ್ರಮವಿದೆ. ಅದನ್ನು ಕಲಿಯಲು ಇಂಜಿನಿಯರ್ ಪದವಿ ಬೇಕಾಗಿಲ್ಲ. ಕ್ರಮ ತಿಳಿದವನನ್ನು ಹೆದರಿಸಿ ಹಣ ಕೀಳುವುದು ಸುಲಭವಲ್ಲ.

ನಮ್ಮ ಹಿರಿಯರಿಗೆ ಈ ಮಾತು ಹೊಸದಲ್ಲ. ಮಗ್ಗದಲ್ಲಿ ಹಾಸಿನ ಎಳೆಯೊಂದು ಕಡಿದರೆ ಮಗ್ಗ ನಿಲ್ಲುತ್ತಿತ್ತು. ಕಡಿದ ಎಳೆಯನ್ನು ಹುಡುಕಿ ಗಂಟು ಹಾಕಿದರೆ ಮತ್ತೆ ನಡೆಯುತ್ತಿತ್ತು. ಮಗ್ಗ ನಿಂತಿತೆಂದು ಹಾಸನ್ನೆಲ್ಲ ಕತ್ತರಿಸಿ ಎಸೆಯಿರೆಂದು ಯಾವ ನೇಕಾರನೂ ಹೇಳಲಿಲ್ಲ. ಆದರೆ ಲ್ಯಾಪ್‌ಟಾಪಿನ ವಿಷಯ ಬಂದಾಗ ನಾವು ಅಂಥ ಮಾತಿಗೆ ಮರುಮಾತಿಲ್ಲದೆ ಒಪ್ಪುತ್ತಿದ್ದೇವೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೆಂದರೆ ಇದೇ.

ಯಂತ್ರ ಏಳುವ ಬಗೆ

ಬೆಳಗಿನ ಜಾವ ಹೋಟೆಲು ತೆರೆಯುವ ರೀತಿಯನ್ನು ನೆನಪಿಗೆ ತಂದುಕೊಳ್ಳಿ. ಮೊದಲು ಒಬ್ಬನು ಎದ್ದು ದೀಪ ಹಾಕುತ್ತಾನೆ. ನೀರು ಬಂದಿದೆಯೇ, ಗ್ಯಾಸು ಇದೆಯೇ, ಒಲೆ ಹೊತ್ತುತ್ತದೆಯೇ ಎಂದು ನೋಡುತ್ತಾನೆ. ಎಲ್ಲ ಸರಿಯಿದ್ದರೆ ಉಗ್ರಾಣದ ಬಾಗಿಲು ತೆರೆದು ಭಟ್ಟರನ್ನು ಕರೆಯುತ್ತಾನೆ. ಭಟ್ಟರು ಬಂದ ಮೇಲೆ ಅಡಿಗೆ, ಆಮೇಲೆ ಗಿರಾಕಿ.

ಲ್ಯಾಪ್‌ಟಾಪೂ ಇದೇ ಕ್ರಮದಲ್ಲಿ ಏಳುತ್ತದೆ. ಮೊದಲು ಏಳುವವನು ಬೋರ್ಡಿನ ಮೇಲಿನ ಒಂದು ಸಣ್ಣ ಚಿಪ್ಪಿನಲ್ಲಿರುವ ಕಾವಲುಗಾರ. ಹಿಂದೆ ಇವನಿಗೆ ಬಯಾಸ್ ಎಂಬ ಹೆಸರಿತ್ತು. ಈಗಿನ ಯಂತ್ರಗಳಲ್ಲಿ ಯು.ಇ.ಎಫ್.ಐ. ಎನ್ನುತ್ತಾರೆ. ಅಂಗಡಿಯಲ್ಲಿ ಮಾತ್ರ ಎರಡಕ್ಕೂ ಬಯಾಸ್ ಎಂದೇ ಕರೆಯುವುದು ರೂಢಿ. ಅವನು ಪ್ರೊಸೆಸರು, ರ‍್ಯಾಮು, ಪರದೆ ಎಲ್ಲವನ್ನೂ ಪರೀಕ್ಷಿಸಿ, ಕಂಪೆನಿಯ ಗುರುತನ್ನು ಪರದೆಯ ಮೇಲೆ ತೋರಿಸುತ್ತಾನೆ. ಬಳಿಕ ಡಿಸ್ಕನ್ನು ಹುಡುಕಿ, ಅದರಲ್ಲಿ ಮಲಗಿರುವ ವಿಂಡೋಸನ್ನೋ ಲಿನಕ್ಸನ್ನೋ ಎಬ್ಬಿಸಿ, ಕೆಲಸವನ್ನು ಅದಕ್ಕೆ ಒಪ್ಪಿಸುತ್ತಾನೆ. ‘ಬೂಟ್’ ಆಗುವುದೆಂದರೆ ಇಷ್ಟೇ.

ಹಾಗಾದರೆ ಏಳದ ಯಂತ್ರದ ಮುಂದೆ ಕುಳಿತು ಕೇಳಬೇಕಾದ ಪ್ರಶ್ನೆಗಳು ಮೂರು. ದೀಪ ಬಂತೇ? ಗುರುತು ಕಂಡಿತೇ? ಡಿಸ್ಕು ಸಿಕ್ಕಿತೇ? ಎಲ್ಲಿ ‘ಇಲ್ಲ’ ಎಂಬ ಉತ್ತರ ಬರುತ್ತದೆಯೋ ದೋಷವು ಅಲ್ಲೇ ಇದೆ. ಅದಕ್ಕಿಂತ ಹಿಂದಿನದೆಲ್ಲ ಬಹುಮಟ್ಟಿಗೆ ಸರಿಯಾಗಿದೆ.

ಮೂರು ಪ್ರಶ್ನೆಗಳು

ದೀಪವೇ ಬರದಿದ್ದರೆ ಮೊದಲು ಚಾರ್ಜರನ್ನು ಅನುಮಾನಿಸಬೇಕು. ಅದೇ ಬಗೆಯ ಇನ್ನೊಂದು ಚಾರ್ಜರನ್ನು, ವೋಲ್ಟೇಜು ಒಂದೇ ಇದೆಯೆಂದು ನೋಡಿಕೊಂಡು, ಹಾಕಿ ನೋಡಬೇಕು. ಫೋನಿನ ಚಾರ್ಜರು ಬಾಯಿಗೆ ಸರಿಹೊಂದಿದರೂ ಲ್ಯಾಪ್‌ಟಾಪಿಗೆ ಸಾಲುವ ಶಕ್ತಿ ಅದರಲ್ಲಿ ಇರಲಾರದು. ಆ ಮೇಲೆ ಚಾರ್ಜರು ತೆಗೆದು, ಸಿಕ್ಕಿಸಿದ ಪೆನ್‌ಡ್ರೈವು, ಮೌಸು ಎಲ್ಲವನ್ನೂ ಕಳಚಿ, ಬ್ಯಾಟರಿ ಹೊರಬರುವಂಥದಾದರೆ ಅದನ್ನೂ ತೆಗೆದು, ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ತು ಇಳಿದುಹೋಗುತ್ತದೆ. ಬಳಿಕ ಚಾರ್ಜರು ಹಾಕಿ ಒತ್ತಿದರೆ ಸತ್ತಂತೆ ಬಿದ್ದಿದ್ದ ಎಷ್ಟೋ ಯಂತ್ರಗಳು ಏಳುತ್ತವೆ. ಇದಕ್ಕೆ ಖರ್ಚು ಒಂದು ಪೈಸೆಯೂ ಇಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಯಾರೂ ಮರೆಯಬಾರದು. ಕೀಲಿಮಣೆಯೋ ತಳವೋ ಉಬ್ಬಿ ನಿಂತಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ. ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು. ಹತ್ತು ಜನ ಮಲಗುವ ಕೋಣೆಯಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪಾಯ. ತಿಳಿದವರ ಕೈಗೆ ಕೂಡಲೆ ಒಪ್ಪಿಸಬೇಕು.

ದೀಪ ಬಂದು, ಫ್ಯಾನು ತಿರುಗಿ, ಪರದೆ ಮಾತ್ರ ಕಪ್ಪಾಗಿದ್ದರೆ ಎರಡನೆಯ ಪ್ರಶ್ನೆ. ತಂತಿ ಹಾಕಿ ಟಿ.ವಿ.ಗೆ ಜೋಡಿಸಿ ನೋಡಿ. ಚಿತ್ರ ಅಲ್ಲಿ ಬಂದರೆ ಯಂತ್ರಕ್ಕೆ ಜೀವವಿದೆ. ದೋಷ ಪರದೆಯದೋ ಅದರ ತಂತಿಯದೋ ಆಗಿದೆ. ಅಲ್ಲಿಯೂ ಬಾರದಿದ್ದರೆ ರ‍್ಯಾಮನ್ನು ನೋಡಬೇಕು. ಬ್ಯಾಟರಿಯ ಸಂಪರ್ಕ ತೆಗೆದು, ರ‍್ಯಾಮಿನ ಪಟ್ಟಿಯನ್ನು ಕಳಚಿ, ಅದರ ಹಲ್ಲುಗಳನ್ನು ಒಣಬಟ್ಟೆಯಿಂದ ಮೆಲ್ಲಗೆ ಒರಸಿ, ಮತ್ತೆ ಗಟ್ಟಿಯಾಗಿ ಕೂರಿಸಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದಾಗಿ ಹಾಕಿ ನೋಡಬೇಕು. ಮುಂಬಯಿ, ಚೆನ್ನೈಗಳ ಮಳೆಗಾಲದ ತೇವದಲ್ಲಿ ಸಂಪರ್ಕ ಕೆಡುವುದು ಆಶ್ಚರ್ಯವಲ್ಲ. ಯಂತ್ರ ‘ಬೀಪ್ ಬೀಪ್’ ಎಂದು ಕೂಗಿದರೆ, ಇಲ್ಲವೆ ದೀಪ ಲೆಕ್ಕ ಹಿಡಿದು ಮಿನುಗಿದರೆ, ಅದನ್ನು ಎಣಿಸಿ ಬರೆದುಕೊಳ್ಳಿ. ಅದು ಕಾವಲುಗಾರನ ದೂರು. ಇಂತಿಷ್ಟು ಸಲವೆಂದರೆ ಇಂಥ ದೋಷವೆಂದು ಆಯಾ ಕಂಪೆನಿಯ ಕೈಪಿಡಿಯಲ್ಲಿ ಇರುತ್ತದೆ.

ಕಂಪೆನಿಯ ಗುರುತು ಪರದೆಯ ಮೇಲೆ ಮೂಡಿತೋ, ‘ಬೋರ್ಡು ಹೋಗಿದೆ’ ಎಂಬ ಮಾತನ್ನು ಸುಲಭವಾಗಿ ನಂಬಬೇಡಿ. ಬೋರ್ಡು, ಪ್ರೊಸೆಸರು, ರ‍್ಯಾಮು ಇವು ಕೆಲಸ ಮಾಡದೆ ಆ ಗುರುತು ಮೂಡುವುದಿಲ್ಲ. ಅಲ್ಲಿಂದ ಮುಂದೆ ಯಂತ್ರ ನಿಂತರೆ ಬಹುತೇಕ ಡಿಸ್ಕಿನ ಕಡೆಯ, ಇಲ್ಲವೆ ವಿಂಡೋಸಿನ ಕಡೆಯ ತೊಂದರೆಯೇ ಸರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಬಿಡಬಾರದು.

‘ನೋ ಬೂಟಬಲ್ ಡಿವೈಸ್’ ಎಂದು ಪರದೆ ಹೇಳಿದರೆ ಮೂರನೆಯ ಪ್ರಶ್ನೆಗೆ ಬಂದೆವು. ಯಂತ್ರವನ್ನು ಹಚ್ಚಿದ ಕೂಡಲೆ ಎಫ್2, ಎಫ್10, ಡಿಲೀಟ್ ಮೊದಲಾದ ಕೀಲಿಗಳಲ್ಲಿ ಆಯಾ ಕಂಪೆನಿ ಗೊತ್ತುಮಾಡಿದ್ದನ್ನು ಒತ್ತುತ್ತಿದ್ದರೆ ಬಯಾಸಿನ ಪುಟ ತೆರೆಯುತ್ತದೆ. ಅಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ. ಕಂಡರೆ ಡಿಸ್ಕು ಬದುಕಿದೆ. ಆಗ ಎಬ್ಬಿಸುವ ಸರದಿಯೋ, ವಿಧಾನವೋ ತಪ್ಪಿರಬಹುದು. ಕೆಲವು ಲ್ಯಾಪ್‌ಟಾಪುಗಳಲ್ಲಿ ಗಡಿಯಾರವನ್ನೂ ಇಂಥ ಗೊತ್ತುಪಾಡುಗಳನ್ನೂ ಕಾಯಲು ನಾಣ್ಯದಂಥ ಸಣ್ಣ ಬ್ಯಾಟರಿಯೊಂದಿರುತ್ತದೆ. ಅದು ಮುಗಿದರೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಗೊತ್ತುಪಾಡುಗಳು ಬದಲಾಗುತ್ತವೆ, ಸರಿಯಾಗಿದ್ದ ವಿಂಡೋಸೂ ಏಳದೆ ಹೋಗುತ್ತದೆ. ಒಂದು ಊಟದ ಬೆಲೆಯ ಬ್ಯಾಟರಿಗಾಗಿ ಡಿಸ್ಕನ್ನೇ ಒರಸಿಬಿಟ್ಟರೆ ನ್ಯಾಯವೇ?

ಡಿಸ್ಕಿನ ಹೆಸರೇ ಕಾಣದಿದ್ದರೆ ಅದನ್ನು ಬಿಚ್ಚಿ ಮತ್ತೆ ಕೂರಿಸಿ ನೋಡಬೇಕು. ಹಳೆಯ ತಿರುಗುವ ಡಿಸ್ಕಿನಿಂದ ‘ಟಿಕ್ ಟಿಕ್’ ಶಬ್ದ ಬರುತ್ತಿದ್ದರೆ ಯಂತ್ರವನ್ನು ಕೂಡಲೆ ಆರಿಸಿ. ಮತ್ತೆ ಮತ್ತೆ ಹಚ್ಚಿದಷ್ಟೂ ಒಳಗಿನದು ಕೈತಪ್ಪುತ್ತದೆ.

ಒಂದು ಕಡತದ ಪಾಠ

ಗುರುತು ಕಂಡು, ಡಿಸ್ಕು ಸಿಕ್ಕಿ, ವಿಂಡೋಸು ಎದ್ದಂತೆ ಮಾಡಿ ನೀಲಿ ಪರದೆಗೆ ಬಿದ್ದರೆ? ಇಲ್ಲಿ ‘ಫಾರ್ಮ್ಯಾಟ್’ ಎಂಬ ಮಾತು ಎಲ್ಲಕ್ಕಿಂತ ಬೇಗ ಬರುತ್ತದೆ. ಆದುದರಿಂದ 2024ರ ಜುಲೈ 19ರಂದು ಏನಾಯಿತೆಂಬುದನ್ನು ಓದುಗರು ನೆನಪಿಡಬೇಕು. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಕಂಪೆನಿಯು ಕಾವಲಿಗೆಂದು ಕಳಿಸಿದ ಒಂದು ದೋಷದ ಕಡತದಿಂದ ಜಗತ್ತಿನಾದ್ಯಂತ ವಿಂಡೋಸು ಯಂತ್ರಗಳು ನೀಲಿ ಪರದೆಗೆ ಬಿದ್ದವು. ಅವುಗಳ ಸಂಖ್ಯೆ ಸುಮಾರು 85 ಲಕ್ಷವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಆಸ್ಪತ್ರೆಗಳ, ಬ್ಯಾಂಕುಗಳ ಕೆಲಸ ನಿಂತಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು.

ಆ ಕಂಪೆನಿಗಳು ತಮ್ಮ ಯಂತ್ರಗಳನ್ನೆಲ್ಲ ಫಾರ್ಮ್ಯಾಟ್ ಮಾಡಿದವೇ? ಇಲ್ಲ. ಯಂತ್ರವನ್ನು ಸೇಫ್ ಮೋಡಿನಲ್ಲಿ, ಎಂದರೆ ಅತ್ಯಗತ್ಯವಾದುದನ್ನು ಮಾತ್ರ ಎಬ್ಬಿಸುವ ಸ್ಥಿತಿಯಲ್ಲಿ, ಹಚ್ಚಿ ಆ ಒಂದು ಕಡತವನ್ನು ಅಳಿಸಿದರು. ಯಂತ್ರ ಎದ್ದಿತು. ದೊಡ್ಡವರ ಯಂತ್ರಕ್ಕೆ ಒಂದು ಎಳೆಯ ಗಂಟು, ಬಡವನ ಯಂತ್ರಕ್ಕೆ ಹಾಸಿಗೇ ಕತ್ತರಿ ಎಂಬ ಪದ್ಧತಿಯನ್ನು ನಾವೇಕೆ ಸಹಿಸಬೇಕು?

ಅದೇ ಸೇಫ್ ಮೋಡು ನಿಮ್ಮ ಯಂತ್ರದಲ್ಲಿಯೂ ಇದೆ. ಎರಡು ಮೂರು ಸಲ ಏಳಲಾರದೆ ಹೋದರೆ ವಿಂಡೋಸು ಸಾಮಾನ್ಯವಾಗಿ ತಾನಾಗಿ ರಿಪೇರಿಯ ಪುಟವನ್ನು ತೆರೆಯುತ್ತದೆ. ಅಲ್ಲಿ ಸ್ಟಾರ್ಟಪ್ ರಿಪೇರ್ ಇದೆ. ಕೊನೆಗೆ ಬಂದ ಅಪ್‌ಡೇಟನ್ನು ಕಿತ್ತುಹಾಕುವ ದಾರಿ ಇದೆ. ಸೇಫ್ ಮೋಡು ಇದೆ. ಇವೆಲ್ಲ ಸೋತ ಮೇಲೆ ರೀಸೆಟ್. ಅದರಲ್ಲಿಯೂ ‘ನನ್ನ ಕಡತಗಳನ್ನು ಉಳಿಸು’ ಎಂಬುದೊಂದು, ‘ಎಲ್ಲವನ್ನೂ ತೆಗೆ’ ಎಂಬುದೊಂದು, ಹೀಗೆ ಎರಡು ಬಾಗಿಲುಗಳಿವೆ. ಯಾವ ಬಾಗಿಲು ಎಂದು ಕೇಳದೆ ಒಳಹೊಗಬೇಡಿ.

ಮೊದಲು ಕಾಗದಪತ್ರ, ಆಮೇಲೆ ಯಂತ್ರ

ಬೆಂಕಿ ಬಿದ್ದ ಮನೆಯಿಂದ ಮೊದಲು ಮಕ್ಕಳನ್ನು ಹೊರತರುತ್ತೇವೆ, ಆಮೇಲೆ ಪಾತ್ರೆ ಪಗಡಿ. ಏಳದ ಲ್ಯಾಪ್‌ಟಾಪಿನಲ್ಲಿಯೂ ಮೊದಲ ಕೆಲಸ ಒಳಗಿನ ಕಡತಗಳನ್ನು ಹೊರತರುವುದು. ವಿಂಡೋಸು ಸತ್ತಿದೆಯೆಂದ ಮಾತ್ರಕ್ಕೆ ಕಡತಗಳು ಸತ್ತಿರುವುದಿಲ್ಲ. 8 ಜಿ.ಬಿ.ಯ ಒಂದು ಪೆನ್‌ಡ್ರೈವಿನಲ್ಲಿ ಲಿನಕ್ಸು ಇಟ್ಟುಕೊಂಡು, ಯಂತ್ರವನ್ನು ಅದರಿಂದಲೇ ಎಬ್ಬಿಸಿ, ‘ಇನ್‌ಸ್ಟಾಲ್’ ಎನ್ನದೆ ‘ಟ್ರೈ’ ಎಂಬುದನ್ನು ಆರಿಸಿದರೆ ಡಿಸ್ಕಿಗೆ ಏನೂ ಆಗದಂತೆ ಒಳಗೆ ಹೋಗಬಹುದು. ಬೇಕಾದುದನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಇದು ಉಚಿತ. ಕಲಿಯಲು ಒಂದು ಭಾನುವಾರ ಸಾಕು.

‘ಫಾರ್ಮ್ಯಾಟ್ ಆದ ಮೇಲೂ ಹಿಂದಕ್ಕೆ ತರಬಹುದು’ ಎಂದು ಕೆಲವರು ಧೈರ್ಯ ಹೇಳುತ್ತಾರೆ. ತಿರುಗುವ ಹಳೆಯ ಡಿಸ್ಕಿನಲ್ಲಿ ಅದು ಎಷ್ಟೋ ಸಲ ಸಾಧ್ಯ. ಈಗಿನ ಎಸ್.ಎಸ್.ಡಿ.ಯಲ್ಲಿ ಮಾತ್ರ, ಅಳಿಸಿದ ಜಾಗವನ್ನು ಡಿಸ್ಕು ತಾನೇ ಒಳಗಿಂದೊಳಗೆ ಗುಡಿಸಿಬಿಡುತ್ತದೆ. ಆಮೇಲೆ ತರುವುದು ಹೆಚ್ಚುಕಡಿಮೆ ಅಸಾಧ್ಯ. ಹೋದುದು ಹೋಯಿತೆಂದೇ ತಿಳಿಯಬೇಕು.

ಇನ್ನೊಂದು ಬೀಗವಿದೆ. ಅದರ ಹೆಸರು ಬಿಟ್‌ಲಾಕರ್. ಇತ್ತೀಚಿನ ಅನೇಕ ವಿಂಡೋಸು ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ತಾನಾಗಿಯೇ ಈ ಬೀಗದೊಳಗೆ ಇರುತ್ತದೆ. ಯಜಮಾನನಿಗೆ ಅದು ಗೊತ್ತೂ ಇರುವುದಿಲ್ಲ. ಬೋರ್ಡು ಬದಲಾದರೆ, ಬಯಾಸಿನಲ್ಲಿ ಏನಾದರೂ ತಿದ್ದಿದರೆ, ಯಂತ್ರ 48 ಅಂಕಿಗಳ ಕೀಲಿಯೊಂದನ್ನು ಕೇಳುತ್ತದೆ. ಆ ಕೀಲಿ ಸಾಮಾನ್ಯವಾಗಿ ನೀವು ಮೊದಲ ದಿನ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಆ ಖಾತೆಯನ್ನು ಅಂಗಡಿಯವನೇ ಯಾವುದೋ ಹೆಸರಿನಲ್ಲಿ ತೆರೆದುಕೊಟ್ಟಿದ್ದರೆ ಕೀಲಿ ಯಾರ ಕೈಯಲ್ಲಿದೆ? ಯಂತ್ರ ಚೆನ್ನಾಗಿರುವಾಗಲೇ ಖಾತೆಯನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ರೇಷನ್ ಕಾರ್ಡಿನೊಡನೆ ಇಡಿ.

ಹೊಸ ವಿಂಡೋಸು ಕೂರದಿದ್ದಾಗ

ಕಡತಗಳು ಹೊರಬಂದ ಮೇಲೆ ಹೊಸದಾಗಿ ವಿಂಡೋಸು ಹಾಕಲು ಅಡ್ಡಿಯಿಲ್ಲ. ಅಲ್ಲಿಯೂ ಯಂತ್ರ ಹಟ ಹಿಡಿಯುವುದುಂಟು. ಆಗ ‘ಡಿಸ್ಕು ಹೋಗಿದೆ’ ಎಂಬ ತೀರ್ಪು ಬರುತ್ತದೆ. ಆದರೆ ಹಟಕ್ಕೆ ಬೇರೆ ಕಾರಣಗಳಿವೆ; ಮೂರನ್ನಾದರೂ ಹೇಳುತ್ತೇವೆ.

ಮೊದಲನೆಯದು ಪೆನ್‌ಡ್ರೈವಿನದು. ಇಳಿಸಿಕೊಂಡ ಕಡತವನ್ನು ಹಾಗೆಯೇ ಅದಕ್ಕೆ ನಕಲು ಮಾಡಿದರೆ ಯಂತ್ರ ಅದರಿಂದ ಏಳುವುದಿಲ್ಲ. ರೂಫಸ್‌ನಂಥ ಉಚಿತ ಉಪಕರಣದಿಂದಲೋ, ಮೈಕ್ರೋಸಾಫ್ಟಿನ ಉಪಕರಣದಿಂದಲೋ ಅದನ್ನು ತಯಾರಿಸಬೇಕು. ಸಾಮಾನ್ಯವಾಗಿ ಕಾವಲುಗಾರನಿಗೆ ಓದಲು ಬರುವುದು ಫ್ಯಾಟ್32 ಎಂಬ ಪದ್ಧತಿ. ಅದರಲ್ಲಿ 4 ಜಿ.ಬಿ.ಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ. ವಿಂಡೋಸಿನ ಮುಖ್ಯ ಕಡತ ಅದಕ್ಕಿಂತ ದೊಡ್ಡದಾಗಿರುವುದುಂಟು. ನಡುವೆ ನಿಂತುಹೋಗುವ ಇನ್‌ಸ್ಟಾಲಿಗೆ ಅರ್ಧಂಬರ್ಧ ತಯಾರಾದ ಪೆನ್‌ಡ್ರೈವೇ ಎಷ್ಟೋ ಸಲ ಕಾರಣ.

ಎರಡನೆಯದು ಡಿಸ್ಕಿನ ಲೆಕ್ಕಪುಸ್ತಕದ್ದು. ಡಿಸ್ಕಿನ ಭಾಗಗಳನ್ನು ಬರೆದಿಡುವ ಹಳೆಯ ಪದ್ಧತಿಗೆ ಎಂ.ಬಿ.ಆರ್. ಎಂದೂ ಹೊಸದಕ್ಕೆ ಜಿ.ಪಿ.ಟಿ. ಎಂದೂ ಹೆಸರು. ಹಳೆಯ ಪುಸ್ತಕದ ಡಿಸ್ಕಿಗೆ ಹೊಸ ವಿಧಾನದಲ್ಲಿ ವಿಂಡೋಸು ಹಾಕಲು ಹೋದರೆ ‘ಈ ಡಿಸ್ಕಿಗೆ ಹಾಕಲಾಗದು’ ಎಂಬ ಉತ್ತರ ಬರುತ್ತದೆ. ಡಿಸ್ಕು ಗಟ್ಟಿಯಾಗಿಯೇ ಇರುತ್ತದೆ. ವಿಧಾನ ಹೊಂದಿಲ್ಲ, ಅಷ್ಟೆ.

ಮೂರನೆಯದರಿಂದ ಹೆಚ್ಚು ಮೋಸ ನಡೆಯುವ ಸಂಭವವಿದೆ. ಬಯಾಸಿನಲ್ಲಿ ಕಾಣುವ ಡಿಸ್ಕು ಇನ್‌ಸ್ಟಾಲಿನ ಪುಟದಲ್ಲಿ ಕಾಣುವುದಿಲ್ಲ, ಪಟ್ಟಿ ಖಾಲಿ. ಇಂಟೆಲಿನ 11ನೆಯ ಪೀಳಿಗೆಯಿಂದ ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಇದನ್ನು ನೋಡಬಹುದು. ಆ ಯಂತ್ರಗಳಲ್ಲಿ ಡಿಸ್ಕಿಗೂ ವಿಂಡೋಸಿಗೂ ನಡುವೆ ವಿ.ಎಂ.ಡಿ. ಎಂಬ ದಲ್ಲಾಳಿ ಇರುತ್ತಾನೆ. ಅವನ ಭಾಷೆ ಇನ್‌ಸ್ಟಾಲಿನ ಪುಟಕ್ಕೆ ಬರುವುದಿಲ್ಲ. ಲ್ಯಾಪ್‌ಟಾಪು ಕಂಪೆನಿಯ ತಾಣದಿಂದ ಆ ಡ್ರೈವರನ್ನು ಪೆನ್‌ಡ್ರೈವಿಗೆ ಇಳಿಸಿ ‘ಲೋಡ್ ಡ್ರೈವರ್’ ಎಂದು ಕೊಟ್ಟರೆ ಡಿಸ್ಕು ಪ್ರತ್ಯಕ್ಷವಾಗುತ್ತದೆ. ಬಯಾಸಿನಲ್ಲಿ ವಿ.ಎಂ.ಡಿ.ಯನ್ನು ಆರಿಸುವ ದಾರಿಯೂ ಉಂಟು. ಆದರೆ ಒಳಗೆ ಬದುಕಿರುವ ವಿಂಡೋಸು ಇದ್ದರೆ ಅದು ಆಮೇಲೆ ಏಳದೆ ಹೋಗಬಹುದು, ಜೋಕೆ. ಈ ಒಂದು ಸಂಗತಿ ತಿಳಿಯದೆ ಒಳ್ಳೆಯ ಡಿಸ್ಕನ್ನು ಕಿತ್ತು ಹೊಸದಕ್ಕೆ ದುಡ್ಡು ತೆತ್ತರೆ ನಷ್ಟ ಯಾರದು?

ಕೆಟ್ಟ ಯಂತ್ರವೋ, ಹೊರಗಿಟ್ಟ ಯಂತ್ರವೋ

ಇನ್ನೊಂದು ಸಂದರ್ಭವಿದೆ. ಅಲ್ಲಿ ಯಂತ್ರದಲ್ಲಿ ಯಾವ ದೋಷವೂ ಇಲ್ಲ. ವಿಂಡೋಸ್ 10ಕ್ಕೆ ಉಚಿತವಾಗಿ ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಮುಗಿಸಿತು. ವಿಂಡೋಸ್ 11 ಹಾಕಲು ಹೋದರೆ ಟಿ.ಪಿ.ಎಂ. 2.0 ಎಂಬ ಭದ್ರತೆಯ ಚಿಪ್ಪು ಬೇಕು, ಸೆಕ್ಯೂರ್ ಬೂಟ್ ಬೇಕು, ಇಂಟೆಲಾದರೆ ಸಾಮಾನ್ಯವಾಗಿ 8ನೆಯ ಪೀಳಿಗೆಯಿಂದ ಈಚಿನ ಪ್ರೊಸೆಸರು ಬೇಕು. ಆ ಪೀಳಿಗೆ ಮಾರುಕಟ್ಟೆಗೆ ಬಂದುದೇ 2017ರಲ್ಲಿ. ಅದಕ್ಕಿಂತ ಹಿಂದಿನ ಯಂತ್ರಕ್ಕೆ ‘ಇದರಲ್ಲಿ ವಿಂಡೋಸ್ 11 ನಡೆಯದು’ ಎಂಬ ಉತ್ತರ ಸಿಗುತ್ತದೆ. ನಮ್ಮವರು ಸಂತೆಯಲ್ಲಿ ಕೊಂಡ ಯಂತ್ರಗಳಲ್ಲಿ ಇಂಥವು ಹಲವು.

ಭದ್ರತೆ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ರಕ್ಷಣೆಯಿಲ್ಲದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಅವಿವೇಕ. ಟಿ.ಪಿ.ಎಂ. ಇದ್ದೂ ಬಯಾಸಿನಲ್ಲಿ ಆರಿಸಿಟ್ಟಿರುವ ಯಂತ್ರಗಳೂ ಉಂಟು. ಅದನ್ನು ಮೊದಲು ನೋಡಬೇಕು. ಆದರೆ ರ‍್ಯಾಮು, ಡಿಸ್ಕು, ಪರದೆ ಎಲ್ಲ ಸರಿಯಿದ್ದು, ಪಟ್ಟಿಯಲ್ಲಿ ಹೆಸರಿಲ್ಲವೆಂಬ ಒಂದೇ ಕಾರಣಕ್ಕೆ ಯಂತ್ರವನ್ನು ಗುಜರಿಗೆ ಹಾಕುವುದನ್ನು ನಾವು ಒಪ್ಪುವುದಿಲ್ಲ. ವಯಸ್ಸಾಯಿತೆಂದು ದುಡಿಯಬಲ್ಲವನನ್ನು ಹೊರಗೆ ಹಾಕಿದಾಗ ಏನಾಗುತ್ತದೆಂಬುದನ್ನು ನಾವು ಯಾರಿಂದಲೂ ಕೇಳಿ ತಿಳಿಯಬೇಕಾಗಿಲ್ಲ.

ಅಂಥ ಯಂತ್ರಕ್ಕೆ ಲಿನಕ್ಸು ಇದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಕೆಲಸಕ್ಕೆ ಜಗತ್ತಿನ ಸಾವಿರಾರು ಜನ ಕೈ ಜೋಡಿಸಿದ್ದಾರೆ. ಉಬುಂಟು, ಮಿಂಟ್, ಡೆಬಿಯನ್ ಎಂಬ ಹೆಸರುಗಳಲ್ಲಿ ಅದು ಉಚಿತವಾಗಿ ಸಿಗುತ್ತದೆ. ಕನ್ನಡವನ್ನು ಓದಬಹುದು, ಟೈಪು ಮಾಡಬಹುದು. ಪಾಠ, ಪತ್ರ, ಲೆಕ್ಕ, ಬ್ಯಾಂಕು, ಸಿನೆಮಾ ಇವಕ್ಕೆಲ್ಲ ಧಾರಾಳವಾಗಿ ಸಾಕು. ಟ್ಯಾಲಿಯಂಥ ಕೆಲವು ವಿಂಡೋಸಿನ ಕಾರ್ಯಕ್ರಮಗಳು ಅದರಲ್ಲಿ ನೇರವಾಗಿ ನಡೆಯುವುದಿಲ್ಲವೆಂಬುದೂ ನಿಜ. ಮಕ್ಕಳ ಕಾಲೇಜಿನಲ್ಲಿ ಏನು ಬೇಕೆಂದು ಕೇಳಿ ನಿರ್ಧರಿಸಿದರೆ ಒಳ್ಳೆಯದು.

ನಾವು ಮಾಡಬೇಕಾದುದು

ರಿಪೇರಿ ಅಂಗಡಿಯವರನ್ನೆಲ್ಲ ದೂರುವುದು ನಮ್ಮ ಉದ್ದೇಶವಲ್ಲ. ಸೋಲ್ಡರಿನ ಹೊಗೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕುಳಿತಿರುವ ಹುಡುಗನೂ ನಮ್ಮಂತೆ ಕೆಲಸಗಾರನೇ. ದೋಷ ಹುಡುಕುವುದಕ್ಕೆ ಅವನ ಹೊತ್ತು ಬೇಕು. ಆ ಹೊತ್ತಿಗೆ ಕೂಲಿ ಕೊಡಬೇಕು. ಹುಡುಕುವುದಕ್ಕೆ ಕೂಲಿ ಕೊಡದ ಗಿರಾಕಿಯಿಂದಲೇ, ಹುಡುಕದೆ ಫಾರ್ಮ್ಯಾಟ್ ಹೊಡೆಯುವ ಅಭ್ಯಾಸ ಅರ್ಧ ಹುಟ್ಟಿದೆ. ‘ನೋಡುವುದಕ್ಕೆ ಇಷ್ಟು, ರಿಪೇರಿಗೆ ಇಷ್ಟು’ ಎಂದು ಮೊದಲೇ ಮಾತಾಡಿಕೊಳ್ಳಿ. ಕಡತ ಅಳಿಸಬಾರದೆಂದು ರಸೀತಿಯ ಮೇಲೆ ಬರೆಸಿಕೊಳ್ಳಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿ.

ಹಳೆಯ ಯಂತ್ರ ಕೊಳ್ಳುವಾಗ ಅಂಗಡಿಯಲ್ಲಿಯೇ ಬಯಾಸಿನ ಪುಟ ತೆರೆಸಿ ನೋಡಿ. ಪಾಸ್‌ವರ್ಡು ಕೇಳಿದರೆ, ಅಥವಾ ಹೊಸದಾಗಿ ವಿಂಡೋಸು ಹಾಕುವಾಗ ಯಾವುದೋ ಕಂಪೆನಿಯ ಹೆಸರು ಬಂದು ಅಲ್ಲಿನ ಈಮೇಲು ಕೇಳಿದರೆ, ಹಿಂದಿನ ಯಜಮಾನನ ಬೀಗ ಇನ್ನೂ ಬಿಟ್ಟಿಲ್ಲವೆಂದು ಅರ್ಥ. ಅದನ್ನು ಮುಟ್ಟಬೇಡಿ. ಗ್ಯಾರಂಟಿಯ ಅವಧಿಯಲ್ಲಿರುವ ಯಂತ್ರವನ್ನು ನೀವಾಗಿ ಬಿಚ್ಚಬೇಡಿ. ಕಂಪೆನಿ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕೇಂದ್ರ ಸರ್ಕಾರದ ಗ್ರಾಹಕ ಇಲಾಖೆಯು 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗೆಂದೇ ಒಂದು ತಾಣವನ್ನು ತೆರೆದಿದೆ. ಕೈಪಿಡಿ, ಬಿಡಿಭಾಗ, ಗ್ಯಾರಂಟಿ, ಸರ್ವಿಸ್ ಕೇಂದ್ರಗಳ ವಿವರ ಗ್ರಾಹಕನಿಗೆ ಒಂದೆಡೆ ಸಿಗಬೇಕೆಂಬುದು ಅದರ ಉದ್ದೇಶ. ಹಕ್ಕು ಕಾಗದದ ಮೇಲೆ ಮಲಗಿದ್ದರೆ ಪ್ರಯೋಜನವಿಲ್ಲ, ಕೇಳುವವರು ಬೇಕು.

ಕೊನೆಯದಾಗಿ ನಮ್ಮ ಸಂಘಕ್ಕೆ ಒಂದು ಸೂಚನೆ. ಹಗಲು ತಟ್ಟೆ ಲೋಟ ತೊಳೆದ ಹುಡುಗರು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕುಳಿತು ಅಕ್ಷರ ಕಲಿತ ಚರಿತ್ರೆ ನಮ್ಮದು. ಇಂದಿನ ಅಕ್ಷರಗಳಲ್ಲಿ ಇದೂ ಒಂದು. ಪ್ರತಿಯೊಂದು ಶಾಖೆಯಲ್ಲಿ ಭಾನುವಾರ ಮಧ್ಯಾಹ್ನ ಎರಡು ಗಂಟೆಗಳ ಕಾಲ ಒಂದು ಮೇಜು ಹಾಕೋಣ. ಮೇಜಿನ ಮೇಲೆ ಒಂದು ಸ್ಕ್ರೂಡ್ರೈವರು ಪೆಟ್ಟಿಗೆ, ವಿಂಡೋಸಿನದೊಂದು ಲಿನಕ್ಸಿನದೊಂದು ಪೆನ್‌ಡ್ರೈವು, ಕಡತ ಇಳಿಸಿಕೊಳ್ಳಲು ಒಂದು ಹೊರಡಿಸ್ಕು, ಒಂದು ನೋಟುಪುಸ್ತಕ ಇದ್ದರೆ ಸಾಕು. ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಕೂರಲಿ. ಹಿರಿಯರು ಪಕ್ಕದಲ್ಲಿ ಕುಳಿತು ಕಲಿಯಲಿ. ಬಂದ ಯಂತ್ರ ಯಾವುದು, ಎಲ್ಲಿ ನಿಂತಿತು, ಯಾವುದರಿಂದ ಎದ್ದಿತು ಎಂಬುದನ್ನು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡೋಣ. ಇತರರ ಕಡತವನ್ನು ಯಜಮಾನನ ಎದುರಿನಲ್ಲಲ್ಲದೆ ತೆರೆಯಬಾರದೆಂಬುದು ಮೊದಲ ನಿಯಮವಾಗಲಿ. ಕೆಲಸ ಮುಗಿದ ಮೇಲೆ ಹೊರಡಿಸ್ಕಿನಿಂದ ಅವನ್ನು ಅಳಿಸಬೇಕೆಂಬುದು ಎರಡನೆಯದು. ಮೇಜಿನಿಂದ ಆಗದ ಕೆಲಸ, ಎಂದರೆ ಬೋರ್ಡಿನ ರಿಪೇರಿ, ಬ್ಯಾಟರಿ, ಶಬ್ದ ಮಾಡುವ ಡಿಸ್ಕು ಇವು ಅಂಗಡಿಗೆ ಹೋಗಲಿ. ಹೋಗುವಾಗ ದೋಷ ಎಲ್ಲಿದೆಯೆಂಬ ಚೀಟಿ ಜೊತೆಯಲ್ಲಿರಲಿ.

ಅಷ್ಟರವರೆಗೆ ಓದುಗರು ಎರಡು ಕೆಲಸ ಮಾಡಿಕೊಳ್ಳಬಹುದು. ಯಂತ್ರ ಇಂದು ಚೆನ್ನಾಗಿ ನಡೆಯುತ್ತಿದ್ದರೆ ಇಂದೇ ಮುಖ್ಯ ಕಡತಗಳನ್ನು ಇನ್ನೊಂದು ಕಡೆ ನಕಲು ಮಾಡಿ ಇಡಿ. ನಾಳೆ ಅದು ಏಳದಿದ್ದರೆ, ಅಂಗಡಿಗೆ ಓಡುವ ಮುಂಚೆ ಆ ಮೂರು ಪ್ರಶ್ನೆಗಳನ್ನು ಕೇಳಿ: ದೀಪ ಬಂತೇ, ಗುರುತು ಕಂಡಿತೇ, ಡಿಸ್ಕು ಸಿಕ್ಕಿತೇ? ಉತ್ತರ ಬರೆದುಕೊಂಡು ಹೋದವನೊಡನೆ ಅಂಗಡಿಯವನು ಬೇರೆ ರೀತಿಯಲ್ಲಿ ಮಾತಾಡುತ್ತಾನೆ.